ಪ್ಯಾರಾಚೂಟ್ ಡಾಕ್ಟರ್ ರಂಗರಾಜ್: ಕೊರಿಯಾ ಗೊತ್ತು, ಅಫ್ಘಾನಿಸ್ತಾನ ಯಾಕೆ ಗೊತ್ತಿಲ್ಲ?

ಕಾಲುದಾರಿ:

ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ಹೆಸರು ಕೇಳಿದವರಿಗೂ ಸಾಮಾನ್ಯವಾಗಿ ಎರಡು ಸಂಗತಿ ಮಾತ್ರ ನೆನಪಿರುತ್ತವೆ. 1941ರಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರಿದ ಮೊದಲ ಭಾರತೀಯ ಸೈನಿಕರು ಇಬ್ಬರು. ಒಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್, ಇನ್ನೊಬ್ಬರು ಇವರು. ಆಗ ಇವರು 152ನೇ ಇಂಡಿಯನ್ ಪ್ಯಾರಾಚೂಟ್ ಬೆಟಾಲಿಯನ್ನಿನ ಡಾಕ್ಟರ್. ಎರಡನೆಯದು ಕೊರಿಯಾ ಯುದ್ಧ. ಅಲ್ಲಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್‌ನ ಕಮಾಂಡರ್ ಆಗಿದ್ದರು, ಮಹಾವೀರ ಚಕ್ರ ಬಂತು.

ನನಗೆ ಮಾತಾಡಬೇಕೆನಿಸುವುದು ಅದರ ನಂತರದ ಭಾಗ. ಸೇನೆ ಬಿಟ್ಟ ಮೇಲೆ ಇದೇ ಮನುಷ್ಯ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅಫ್ಘಾನಿಸ್ತಾನದಲ್ಲಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಮುನ್ನಡೆಸಿದರು. ಆ ದೇಶದಲ್ಲಿ 1972ರ ಹೊತ್ತಿಗೆ ಸ್ಥಳೀಯವಾಗಿ ಸಿಡುಬು ಹರಡುವುದು ನಿಂತೇ ಹೋಯಿತು. ಇಷ್ಟು ದೊಡ್ಡ ಕೆಲಸ ಅವರ ಬಗೆಗಿನ ಬರಹಗಳಲ್ಲಿ ಒಂದು ಸಾಲಾಗಿ ಬರುತ್ತದೆ, ಎಷ್ಟೋ ಕಡೆ ಬರುವುದೇ ಇಲ್ಲ.

ಕೊರಿಯಾದ ಒಂದು ಪ್ರಸಂಗ ಹೇಳಿಬಿಡುತ್ತೇನೆ. 1950ರ ನವೆಂಬರ್‌ನಲ್ಲಿ ಇವರ ಘಟಕ ಬೂಸಾನ್ ಬಂದರಿನಲ್ಲಿ ಇಳಿಯಿತು. ಅಲ್ಲಿಂದ ಉತ್ತರಕ್ಕೆ, ಪ್ಯಾಂಗ್‌ಯಾಂಗ್‌ಗೆ. ಅಷ್ಟರಲ್ಲಿ ಚೀನಾ ಸೇನೆ ನುಗ್ಗಿತ್ತು, ಎಲ್ಲರೂ ಹಿಂದೆ ಸರಿಯಬೇಕಾಯಿತು. ಸಾಮಾನು ಸಾಗಿಸಲು ಇವರ ಹತ್ತಿರ ವಾಹನ ಇರಲಿಲ್ಲ. ಜನ ಮಾತ್ರ ಹೊರಟರೆ ಔಷಧಿ, ಆಪರೇಷನ್ ಸಲಕರಣೆ ಎಲ್ಲ ಅಲ್ಲೇ ಬಿಡಬೇಕು. ಕೊನೆಗೆ ಒಂದು ಹಳೇ ಉಗಿ ಎಂಜಿನ್, ಕೆಲವು ಬೋಗಿ ಸಿಕ್ಕವು. ಎಂಜಿನ್ ಓಡಿಸಲು ಬಲ್ಲವರು ಘಟಕದೊಳಗೇ ಇದ್ದರು. ಸಾಮಾನನ್ನೆಲ್ಲ ಹೇರಿಕೊಂಡು, ಸೇತುವೆ ಸಿಡಿಸುವ ಮೊದಲು ನದಿ ದಾಟಿ ದಕ್ಷಿಣಕ್ಕೆ ಬಂದರು. ಮುಂದೆ 1951ರ ಮಾರ್ಚ್ 23ರಂದು ಮುನ್ಸಾನ್‌ನಿಯಲ್ಲಿ ಅಮೆರಿಕ ಸೇನೆಯ 187ನೇ ಪ್ಯಾರಾಚೂಟ್ ತುಕಡಿಯ ಜೊತೆ ಭಾರತದ 12 ಜನರ ವೈದ್ಯಕೀಯ ತಂಡ ಪ್ಯಾರಾಚೂಟ್‌ನಲ್ಲಿ ಇಳಿಯಿತು. ಆ ತಂಡದಲ್ಲೂ ರಂಗರಾಜ್ ಇದ್ದರು.

ಹಾರಿದ ಕತೆ ರೋಮಾಂಚಕ, ಒಪ್ಪುತ್ತೇನೆ. ಆದರೆ ನನಗೆ ಆ ರೈಲಿನ ಕತೆ ಜಾಸ್ತಿ ಮುಖ್ಯ. ಔಷಧಿ ಪೆಟ್ಟಿಗೆ ಜೊತೆಗಿಲ್ಲದಿದ್ದರೆ ಡಾಕ್ಟರ್ ಇದ್ದೂ ಇಲ್ಲದ ಹಾಗೆ ಎಂದು ಅವರಿಗೆ ಗೊತ್ತಿತ್ತು. ಸಿಡುಬಿನ ಕೆಲಸದಲ್ಲೂ ಬೇಕಾಗಿದ್ದು ಇದೇ ಬುದ್ಧಿ. ಲಸಿಕೆ ಕೊನೇ ಹಳ್ಳಿ ತಲುಪಬೇಕು, ತಲುಪಿದ್ದು ಕೆಲಸ ಮಾಡಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕು. ಸೇನಾ ವೈದ್ಯರು ಜನಾರೋಗ್ಯಕ್ಕೆ ಕೊಟ್ಟ ದೊಡ್ಡ ಕೊಡುಗೆ ಈ ಅಭ್ಯಾಸವೇ ಎಂದು ನನ್ನ ನಂಬಿಕೆ. ನೀವೇನು ಹೇಳುತ್ತೀರಿ?

ಮುಂಗಾರು:

ಒಳ್ಳೆ ವಿಷಯ ತೆಗೆದಿದ್ದೀರಿ. ಒಂದು ಸಣ್ಣ ಪ್ರಶ್ನೆ. ಕೊರಿಯಾಕ್ಕೆ ನಾವು ಸೈನಿಕರನ್ನು ಕಳಿಸದೆ ಡಾಕ್ಟರುಗಳನ್ನು ಮಾತ್ರ ಯಾಕೆ ಕಳಿಸಿದೆವು?

ಹಳೇ_ಕಡತ:

ಮುಂಗಾರು ಅವರೇ, ಅದು ನೆಹರೂ ಸರ್ಕಾರದ ಯೋಚಿಸಿ ಮಾಡಿದ ತೀರ್ಮಾನ. 1950ರ ಜೂನ್ 25ಕ್ಕೆ ಯುದ್ಧ ಶುರುವಾದಾಗ ಉತ್ತರ ಕೊರಿಯಾದ ಆಕ್ರಮಣವನ್ನು ಭಾರತ ವಿಶ್ವಸಂಸ್ಥೆಯಲ್ಲಿ ಖಂಡಿಸಿತು. ಆದರೆ ಎರಡು ಬಣಗಳ ಜಗಳದಲ್ಲಿ ಒಂದು ಬಣದ ಪರ ಬಂದೂಕು ಹಿಡಿಯಲು ಇಷ್ಟವಿರಲಿಲ್ಲ. ಸ್ವಾತಂತ್ರ್ಯ ಬಂದು ಮೂರು ವರ್ಷ ಅಷ್ಟೇ ಆಗಿತ್ತು, ಕಾಶ್ಮೀರದ ಗಾಯ ಆರಿರಲಿಲ್ಲ. ವೈದ್ಯಕೀಯ ಘಟಕ ಕಳಿಸಿದರೆ ವಿಶ್ವಸಂಸ್ಥೆಯ ಮಾತಿಗೂ ಬೆಲೆ ಕೊಟ್ಟಂತೆ, ಯಾರನ್ನೂ ಕೊಂದಂತೆಯೂ ಆಗುವುದಿಲ್ಲ.

ಆ ಘಟಕ ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿತ್ತು. ಒಂದು ಭಾಗ ಕಾಮನ್‌ವೆಲ್ತ್ ಬ್ರಿಗೇಡ್ ಜೊತೆ ಮುಂಚೂಣಿಯಲ್ಲಿ, ಇನ್ನೊಂದು ಭಾಗ ದೇಗು ಪಟ್ಟಣದಲ್ಲಿ. ದೇಗುವಿನಲ್ಲಿದ್ದವರು ಊರಿನ ಜನರಿಗೆ ಚಿಕಿತ್ಸೆ ಕೊಟ್ಟರು, ಅಲ್ಲಿನವರಿಗೆ ತರಬೇತಿಯನ್ನೂ ಕೊಟ್ಟರು. ಒಟ್ಟು ಎರಡು ಲಕ್ಷದಷ್ಟು ರೋಗಿಗಳು, ಎರಡು ಸಾವಿರಕ್ಕೂ ಹೆಚ್ಚು ಆಪರೇಷನ್ ಎಂದು ಲೆಕ್ಕ. ಯುದ್ಧ ನಿಂತ ಮೇಲೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಸೆರೆಯಾಳುಗಳ ವಾಪಸಾತಿ ಆಯೋಗದ ಅಧ್ಯಕ್ಷರಾಗಿ ಹೋದರು. ಆಗಲೂ ಈ ಘಟಕ ಅಲ್ಲೇ ಇತ್ತು. 1955ರಲ್ಲಿ ಆಗ್ರಾದಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಕೈಯಿಂದ ಘಟಕಕ್ಕೆ ರಾಷ್ಟ್ರಪತಿಗಳ ಟ್ರೋಫಿ ಸಿಕ್ಕಿತು.

ಮಾಜಿ_ಹವಾಲ್ದಾರ್:

ಜೈ ಹಿಂದ್. ನಾನು ಎ.ಎಂ.ಸಿ.ಯಲ್ಲಿ, ಅಂದರೆ ಸೇನೆಯ ವೈದ್ಯಕೀಯ ದಳದಲ್ಲಿ, ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಓದುವವರಿಗೆ ಒಂದು ವಿಷಯ ತಿಳಿದಿರಲಿ. ಫೀಲ್ಡ್ ಆಂಬುಲೆನ್ಸ್ ಎಂದರೆ ಸೈರನ್ ಹಾಕಿಕೊಂಡು ಓಡುವ ಗಾಡಿ ಅಂದುಕೊಳ್ಳಬೇಡಿ. ಅದು ನೂರಾರು ಜನರ ಪೂರಾ ಒಂದು ಘಟಕ. ಡಾಕ್ಟರ್‌ಗಳು, ನಮ್ಮಂಥವರು, ಸ್ಟ್ರೆಚರ್ ಹೊರುವವರು, ಡ್ರೈವರ್, ಅಡುಗೆಯವರು, ಸ್ಟೋರ್ ನೋಡುವವರು ಎಲ್ಲ ಅದರಲ್ಲೇ.

ಗಾಯಾಳು ಹೇಗೆ ಬರುತ್ತಾನೆ ಹೇಳ್ತೀನಿ. ಬಿದ್ದ ಜಾಗದಲ್ಲಿ ಪಕ್ಕದ ಸಿಪಾಯಿ ಫೀಲ್ಡ್ ಡ್ರೆಸ್ಸಿಂಗ್ ಕಟ್ಟುತ್ತಾನೆ. ಅಲ್ಲಿಂದ ಬೆಟಾಲಿಯನ್ ಡಾಕ್ಟರ್ ಇರುವ ಏಡ್ ಪೋಸ್ಟ್. ಅಲ್ಲಿ ರಕ್ತ ನಿಲ್ಲಿಸಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಒಂದು ಕಾರ್ಡ್ ಬರೆದು ಮೈಗೆ ಕಟ್ಟುತ್ತಾರೆ. ರಕ್ತ ನಿಲ್ಲಿಸಲು ಕೈಕಾಲಿಗೆ ಟೂರ್ನಿಕೇ ಪಟ್ಟಿ ಬಿಗಿದಿದ್ದರೆ ಎಷ್ಟು ಗಂಟೆಗೆ ಬಿಗಿದದ್ದು ಅಂತ ಬರೆಯಲೇಬೇಕು. ಅದನ್ನು ಬರೆಯದೆ ಹೋದರೆ ಮುಂದಿನ ಡಾಕ್ಟರಿಗೆ ಆ ಕಾಲು ಉಳಿಸಬಹುದಾ ಇಲ್ಲವಾ ಅನ್ನುವುದೇ ತಿಳಿಯಲ್ಲ. ಆಮೇಲೆ ಡ್ರೆಸ್ಸಿಂಗ್ ಸ್ಟೇಷನ್, ಆಮೇಲೆ ಆಸ್ಪತ್ರೆ. ಪ್ರತಿ ಹಂತದಲ್ಲೂ ಯಾರನ್ನು ಮೊದಲು ಕಳಿಸಬೇಕು, ಯಾರು ಸ್ವಲ್ಪ ಕಾಯಬಹುದು ಅಂತ ವಿಂಗಡಣೆ. ನೆಪೋಲಿಯನ್ ಸೇನೆಯ ಸರ್ಜನ್ ಲ್ಯಾರಿ ಅವರ ಕಾಲದಿಂದ ಬಂದ ಪದ್ಧತಿ. ಪದವಿ ನೋಡಬೇಡ, ಗಾಯ ನೋಡು ಅನ್ನುವುದು ಅದರ ತಿರುಳು. ಕರ್ನಲ್ ಸಾಹೇಬರ ಕೈ ಮುರಿದಿದ್ದು, ಸಿಪಾಯಿಗೆ ಹೊಟ್ಟೆಗೆ ಗುಂಡು ಬಿದ್ದಿದ್ದರೆ ಸಿಪಾಯಿಯೇ ಮೊದಲು.

ಹೊರಗಿನವರಿಗೆ ಕಾಣದ ಇನ್ನೊಂದು ಅರ್ಧ ಇದೆ. ಯುದ್ಧ ಇಲ್ಲದ ದಿನವೂ ಡಾಕ್ಟರ್ ಬೆಳಿಗ್ಗೆ ಎದ್ದು ಏನು ನೋಡ್ತಾರೆ ಗೊತ್ತಾ? ಅಡುಗೆಮನೆ, ಕುಡಿಯುವ ನೀರು, ಪಾಯಿಖಾನೆ, ಸೊಳ್ಳೆಪರದೆ. ಅಡುಗೆಯವರ ಉಗುರು ಕೂಡ ನೋಡುತ್ತಾರೆ. ಒಂದು ಕಂಪನಿಗೆ ಭೇದಿ ಹತ್ತಿದರೆ ಶತ್ರು ಗುಂಡು ಹಾರಿಸುವುದೇ ಬೇಡ, ಆ ಕಂಪನಿ ಮುಗಿಯಿತು. ಕಾಲುದಾರಿ ಅವರು ಹೇಳಿದ್ದು ಸರಿ. ಇಂಥ ಡಾಕ್ಟರ್ ಸಿಡುಬಿನ ಕೆಲಸಕ್ಕೆ ಹೋದರೆ ಅದು ಅವರಿಗೆ ಹೊಸದೇನಲ್ಲ.

ಬಾವಿಕಟ್ಟೆ:

ಹವಾಲ್ದಾರ್ ಸರ್ ನೀರಿನ ಮಾತು ಎತ್ತಿದ್ದಕ್ಕೆ ಸುಮ್ನೆ ಕೂರಲಾಗಲಿಲ್ಲ. ನಾನು ಆರೋಗ್ಯ ಇಲಾಖೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಸೇನೆಗೂ ನನಗೂ ಸಂಬಂಧವಿಲ್ಲ. ಆದರೆ ನನ್ನ ಕೈಯಲ್ಲಿ ವರ್ಷಗಟ್ಟಲೆ ಓಡಾಡಿದ ಒಂದು ಪೆಟ್ಟಿಗೆ ಸೇನೆಯಿಂದ ಬಂದದ್ದು. ಹಾರಾಕ್ಸ್ ಪೆಟ್ಟಿಗೆ. ಬ್ರಿಟಿಷ್ ಸೇನೆಯ ಡಾಕ್ಟರ್ ವಿಲಿಯಂ ಹಾರಾಕ್ಸ್ ಮಾಡಿದ್ದು. ದಂಡು ಹೋದಲ್ಲೆಲ್ಲ ಕೆರೆ, ಬಾವಿ, ಹಳ್ಳ ಯಾವುದು ಸಿಕ್ಕರೂ ಅದೇ ನೀರು ಕುಡಿಯಬೇಕಿತ್ತು. ಆ ನೀರಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು ಅಂತ ಅಲ್ಲೇ ನಿಂತು ಕಂಡುಹಿಡಿಯಬೇಕಿತ್ತು.

ಪೆಟ್ಟಿಗೆಯಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚ, ಗಾಜಿನ ಕಡ್ಡಿಗಳು, ಪಿಪೆಟ್, ಸ್ಟಾರ್ಚ್ ಅಯೊಡೈಡ್ ದ್ರಾವಣ. ಕಪ್ಪು ಬಟ್ಟಲಲ್ಲಿ ಅಂಚಿಗೆ ಸಮವಾಗಿ ಒಂದು ಚಮಚ ಬ್ಲೀಚಿಂಗ್ ಪುಡಿ ಹಾಕಿ, ಸ್ವಲ್ಪ ನೀರಲ್ಲಿ ಕಲಸಿ, ಒಳಗಿನ ಗೆರೆಯವರೆಗೆ ನೀರು ತುಂಬಬೇಕು. ಬಿಳಿ ಬಟ್ಟಲುಗಳಿಗೆ ಬಾವಿಯ ನೀರು. ಆಮೇಲೆ ಕಪ್ಪು ಬಟ್ಟಲಿನ ತಿಳಿಯನ್ನು ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಒಂದೊಂದು ಬಟ್ಟಲಿಗೂ ಬೇರೆ ಕಡ್ಡಿಯಲ್ಲೇ ಕಲಕಬೇಕು. ಅರ್ಧ ಗಂಟೆ ಬಿಟ್ಟು ಪ್ರತಿಯೊಂದಕ್ಕೂ ಮೂರು ಹನಿ ಸ್ಟಾರ್ಚ್ ಅಯೊಡೈಡ್. ಸಾಲಿನಲ್ಲಿ ನೀಲಿ ಬಣ್ಣ ಬಂದ ಮೊದಲ ಬಟ್ಟಲು ಯಾವುದೋ ಅದು ಉತ್ತರ. ಮೂರನೆಯದು ನೀಲಿಯಾದರೆ 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ 6 ಗ್ರಾಂ ಪುಡಿ. 455 ಯಾಕೆ ಅಂತ ಟ್ರೈನಿಂಗ್‌ನಲ್ಲಿ ಎಲ್ಲರೂ ಕೇಳುತ್ತಿದ್ದರು. ಅದು ಬ್ರಿಟಿಷರ 100 ಗ್ಯಾಲನ್.

ಕಾಲರಾ ಬಂದ ಊರಿಗೆ ಹೋದರೆ ಮೊದಲ ಕೆಲಸ ಇದೇ. ಬಾವಿಯ ಅಗಲ, ನೀರಿನ ಆಳ ಅಳೆದು ಎಷ್ಟು ಲೀಟರ್ ಇದೆ ಅಂತ ಲೆಕ್ಕ ಹಾಕಿ, ಪುಡಿ ಕಲಸಿ, ತಿಳಿಯನ್ನು ಮಾತ್ರ ಬಕೆಟ್ಟಿನಲ್ಲಿ ಇಳಿಬಿಟ್ಟು ನೀರನ್ನು ಚೆನ್ನಾಗಿ ಕಲಕುವುದು. ಒಂದು ಗಂಟೆ ಯಾರೂ ನೀರು ಸೇದಬಾರದು. ಕೊಡ ಹಿಡಿದು ನಿಂತ ಹೆಂಗಸರು ಬೈಯ್ಯುತ್ತಿದ್ದರು, ಬೈಸಿಕೊಂಡೇ ನಿಲ್ಲಬೇಕಿತ್ತು. ಯುದ್ಧಕ್ಕೆಂದು ಹುಟ್ಟಿದ ಪೆಟ್ಟಿಗೆ ನಮ್ಮ ಎಷ್ಟು ಊರುಗಳ ಮಕ್ಕಳನ್ನು ಉಳಿಸಿದೆ ಅನ್ನುವುದು ಬಾವಿ ಹತ್ತಿರ ನಿಂತವರಿಗೆ ಗೊತ್ತು.

ಮುಂಗಾರು:

ಬಾವಿಕಟ್ಟೆ ಸರ್, ಇದನ್ನು ಓದಿ ತುಂಬಾ ಖುಷಿಯಾಯಿತು. ನಮ್ಮ ಶಾಲೆಯ ಬಾವಿಗೆ ಪುಡಿ ಹಾಕಲು ಬರುತ್ತಿದ್ದವರು ಬಟ್ಟಲು ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದುದು ನೆನಪಿದೆ. ಯಾಕೆಂದು ಇವತ್ತು ತಿಳಿಯಿತು.

ಸಮುದಾಯ_ವೈದ್ಯೆ:

ನಾನು ಕಮ್ಯುನಿಟಿ ಮೆಡಿಸಿನ್‌ನಲ್ಲಿ, ಅಂದರೆ ಜನಾರೋಗ್ಯದ ವಿಷಯದಲ್ಲಿ, ಎಂ.ಡಿ. ಮಾಡುತ್ತಿದ್ದೇನೆ. ಅಫ್ಘಾನಿಸ್ತಾನದ ಭಾಗ ಯಾರೂ ಬಿಡಿಸಿ ಹೇಳಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ.

ಸಿಡುಬನ್ನು ಅಳಿಸಬಹುದು ಎಂಬ ಧೈರ್ಯ ಬಂದದ್ದಕ್ಕೆ ಆ ರೋಗದ ಗುಣವೇ ಕಾರಣ. ಅದು ಮನುಷ್ಯರಿಗೆ ಮಾತ್ರ ಬರುತ್ತದೆ, ಪ್ರಾಣಿಗಳಲ್ಲಿ ಅಡಗಿ ಕೂರುವುದಿಲ್ಲ. ಬಂದರೆ ಮುಖ ಮೈಮೇಲೆ ಎದ್ದು ಕಾಣುತ್ತದೆ, ಹಳ್ಳಿಯ ಮಗು ಕೂಡ ಗುರುತಿಸಬಲ್ಲದು. ಸೋಂಕು ತಗುಲಿ ಎರಡು ವಾರದಷ್ಟು ಹೊತ್ತಿಗೆ ಲಕ್ಷಣ ಕಾಣಿಸಿಕೊಳ್ಳುತ್ತದೆ. ಸೋಂಕು ತಗುಲಿದ ಮೂರ್ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ರೋಗ ತಡೆಯಬಹುದು. ಅಂದರೆ ಒಂದು ಮನೆಯಲ್ಲಿ ಸಿಡುಬು ಕಂಡ ತಕ್ಷಣ ಆ ಮನೆ, ಅಕ್ಕಪಕ್ಕ, ಬಂದು ಹೋದ ನೆಂಟರು ಎಲ್ಲರಿಗೂ ಲಸಿಕೆ ಹಾಕಿದರೆ ಅಲ್ಲಿಗೇ ಕಟ್ಟಿಹಾಕಬಹುದು. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಕಾರ್ಯಕ್ರಮ ಶುರು ಮಾಡಿದಾಗ ಕೈಯಲ್ಲಿ ಎರಡು ಒಳ್ಳೆ ಸಲಕರಣೆಗಳಿದ್ದವು. ಬಿಸಿಲಿಗೆ ಬೇಗ ಕೆಡದ ಒಣಗಿಸಿದ ಲಸಿಕೆ ಒಂದು. ಇನ್ನೊಂದು ತುದಿ ಕವಲೊಡೆದ ಪುಟ್ಟ ಸೂಜಿ. ಲಸಿಕೆಯಲ್ಲಿ ಅದ್ದಿ ತೆಗೆದರೆ ಆ ಕವಲಿನ ನಡುವೆ ಒಂದು ಹನಿ ನಿಲ್ಲುತ್ತದೆ. ತೋಳಿನ ಮೇಲೆ 15 ಸಲ ಚುಚ್ಚಿದರೆ ಮುಗಿಯಿತು. ಹೊಸಬರಿಗೂ ಸ್ವಲ್ಪ ಹೊತ್ತಿನಲ್ಲೇ ಕಲಿಸಬಹುದಾದ ಕೆಲಸ.

ಅಫ್ಘಾನಿಸ್ತಾನದಲ್ಲಿ ಕಷ್ಟ ಬೇರೆ ಕಡೆಯಿಂದ ಬಂತು. ಅಲ್ಲಿ ತಲೆಮಾರುಗಳಿಂದ ಸಿಡುಬಿನ ಹೊಪ್ಪಳೆಯನ್ನೇ ತೆಗೆದಿಟ್ಟು, ಆರೋಗ್ಯವಾಗಿರುವವರ ಚರ್ಮಕ್ಕೆ ಸೇರಿಸುವ ಹಳೇ ಪದ್ಧತಿ ಇತ್ತು. ಅದನ್ನು ಮಾಡಿ ಹೊಟ್ಟೆ ಹೊರೆಯುವವರು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಸೌಮ್ಯ ರೋಗ ಬಂದು ಹೋಗುತ್ತಿತ್ತು, ಆಮೇಲೆ ಜೀವನಪೂರ್ತಿ ರಕ್ಷಣೆ. ಆದರೆ ಅದು ನಿಜವಾದ ಸಿಡುಬಿನ ವೈರಾಣು. ಅವರಿಂದ ಪಕ್ಕದ ಮಗುವಿಗೆ ಹರಡಿದರೆ ಪೂರ್ತಿ ರೋಗವೇ ಬರುತ್ತಿತ್ತು. ಲಸಿಕೆ ಇಲ್ಲದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಿದ್ದ ರೋಗ ಅದು. ಅಂದರೆ ಒಂದು ಕಣಿವೆಯಲ್ಲಿ ರೋಗ ಆರಿಸಿದರೂ, ಹೊಪ್ಪಳೆ ಡಬ್ಬಿ ಹಿಡಿದ ಒಬ್ಬನಿಂದ ಮತ್ತೆ ಹೊತ್ತಿಕೊಳ್ಳಬಹುದು.

ಇದರ ಜೊತೆ ಬೆಟ್ಟ, ಹಿಮ, ರಸ್ತೆಯೇ ಇಲ್ಲದ ಊರುಗಳು, ಋತು ಬದಲಾದ ಹಾಗೆ ಡೇರೆ ಕಿತ್ತು ಹೋಗುವ ಕುರಿಗಾಹಿಗಳು. ಹೆಂಗಸರನ್ನು ಹೊರಗಿನ ಗಂಡಸರು ನೋಡುವಂತಿಲ್ಲದ ಮನೆಗಳು. ತಂಡಗಳು ಮನೆಮನೆಗೆ, ಡೇರೆ ಡೇರೆಗೆ ನಡೆದವು. ಲಸಿಕೆ ಹಾಕುವ ತಂಡ ಬೇರೆ, ಆಮೇಲೆ ಬಂದು ತೋಳಿನ ಗುರುತು ನೋಡಿ ಎಣಿಸುವ ತಂಡ ಬೇರೆ. ಹೊಪ್ಪಳೆ ಹಾಕುವವರನ್ನು ಹುಡುಕಿ, ಕೂತು ಮಾತಾಡಿ, ಅವರ ಸಂಗ್ರಹವನ್ನು ಒಪ್ಪಿಸುವಂತೆ ಮನವೊಲಿಸುವುದೂ ಕೆಲಸದ ಭಾಗವಾಯಿತು.

ರಂಗರಾಜ್ ಅವರು ಮುನ್ನಡೆಸಿದ್ದು ಇಂಥ ಕೆಲಸವನ್ನು. ನಮ್ಮ ಕ್ಲಾಸಿನಲ್ಲಿ ಕವಲು ಸೂಜಿಯ ಬಗ್ಗೆ ಪಾಠ ಇದೆ. ಇವರ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲ. ನನಗೆ ಬೇಜಾರಾಗುವುದು ಅದಕ್ಕೆ.

ಎದುರುಮಾತು:

ರಂಗರಾಜ್ ಅವರ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಸೇನೆಯ ಅಭ್ಯಾಸ ಜನಾರೋಗ್ಯಕ್ಕೆ ಒಳ್ಳೆಯದೇ ಮಾಡಿತು ಎಂದು ಇಲ್ಲಿ ಎಲ್ಲರೂ ಒಪ್ಪಿಬಿಟ್ಟ ಹಾಗಿದೆ. ನಾನು ಪೂರ್ತಿ ಒಪ್ಪುವುದಿಲ್ಲ.

1897ರ ಪುಣೆ ನೆನಪಿಸಿಕೊಳ್ಳಿ. ಪ್ಲೇಗ್ ಬಂದಾಗ ಸೈನಿಕರನ್ನು ಮನೆಮನೆಗೆ ನುಗ್ಗಿಸಿದರು. ರೋಗಿ ಹುಡುಕುವ ನೆಪದಲ್ಲಿ ದೇವರ ಕೋಣೆ, ಹೆಂಗಸರ ಕೋಣೆ ಯಾವುದನ್ನೂ ಬಿಡಲಿಲ್ಲ, ಸಾಮಾನು ಸುಟ್ಟರು. ಜನ ರೋಗಿಗಳನ್ನು ಬಚ್ಚಿಟ್ಟರು. ಆ ಸಿಟ್ಟಿನಲ್ಲೇ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್‌ಗೆ ಗುಂಡು ಹಾರಿಸಿದರು. ಕಾಯಿಲೆ ಮೇಲಿನ ಯುದ್ಧ ಜನರ ಮೇಲಿನ ಯುದ್ಧವಾಯಿತು.

ಅದು ಬ್ರಿಟಿಷರ ಕಾಲ ಎನ್ನಬಹುದು. ಸಿಡುಬಿನ ಕೊನೇ ಹಂತಕ್ಕೆ ಬನ್ನಿ. 1973ರಿಂದ 1975ರವರೆಗೆ ಭಾರತ, ಬಾಂಗ್ಲಾದೇಶಗಳಲ್ಲಿ ಸೋಂಕಿತರ ಮನೆ ಬಾಗಿಲಿಗೆ ಹಗಲು ರಾತ್ರಿ ಕಾವಲು ಇಟ್ಟರು. ಬೇಡ ಎಂದವರನ್ನು ಹಿಡಿದು ಲಸಿಕೆ ಹಾಕಿದ ಪ್ರಸಂಗಗಳು ದಾಖಲಾಗಿವೆ. ಢಾಕಾದಲ್ಲಿ 1975ರ ಆರಂಭದಲ್ಲಿ ಸರ್ಕಾರ ಕೊಳೆಗೇರಿಗಳನ್ನು ಕೆಡವಿತು, ಅಲ್ಲಿದ್ದ ಜನ ದೇಶದ ತುಂಬಾ ಚದುರಿದರು, ಅವರ ಜೊತೆ ಸಿಡುಬೂ ಹೋಯಿತು. ಬಡವರಿಗೆ ಏನೂ ಹೇಳದೆ, ಏನೂ ಕೇಳದೆ ತೀರ್ಮಾನ ಮಾಡಿದರೆ ಹೀಗಾಗುತ್ತದೆ. ಆಜ್ಞೆ ಕೊಟ್ಟರೆ ಕೆಲಸ ಆಗುತ್ತದೆ ಎಂಬ ನಂಬಿಕೆ ಬ್ಯಾರಕ್ಕಿನದು. ಹಳ್ಳಿಗೆ ಅದನ್ನು ತರಬಾರದು.

ಕಾಲುದಾರಿ:

ಎದುರುಮಾತು ಅವರೇ, ಪುಣೆಯ ವಿಷಯದಲ್ಲಿ ನಿಮ್ಮ ಜೊತೆ ಪೂರ್ತಿ ಇದ್ದೇನೆ. ಹಿಡಿದು ಚುಚ್ಚಿದ್ದನ್ನೂ ಸಮರ್ಥಿಸುವುದಿಲ್ಲ.

ಆದರೆ ಸೇನಾ ವೈದ್ಯರ ಪರಂಪರೆಯಲ್ಲಿ ಆಜ್ಞೆ ಒಂದೇ ಇಲ್ಲ. 1900ರಲ್ಲಿ ಕ್ಯೂಬಾದಲ್ಲಿ ಅಮೆರಿಕ ಸೇನೆಯ ಡಾಕ್ಟರ್ ವಾಲ್ಟರ್ ರೀಡ್ ತಂಡ ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿತು. ಆ ಮಾತನ್ನು 1881ರಲ್ಲೇ ಹೇಳಿದ್ದವರು ಹವಾನಾದ ಡಾಕ್ಟರ್ ಕಾರ್ಲೋಸ್ ಫಿನ್‌ಲೇ. ರೀಡ್ ತಂಡದ ಪ್ರಯೋಗಕ್ಕೆ ಮೈಯೊಡ್ಡಲು ಒಪ್ಪಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆದರು. ಸ್ಪ್ಯಾನಿಷ್ ಬಲ್ಲವರಿಗೆ ಸ್ಪ್ಯಾನಿಷ್‌ನಲ್ಲೇ ಬರೆದು ಕೊಟ್ಟರು. ಅಪಾಯ ಇದೆ, ಸಾಯಬಹುದು ಎಂಬುದೂ ಅದರಲ್ಲಿತ್ತು. ಒಪ್ಪಿದವರಿಗೆ 100 ಡಾಲರ್ ಬೆಲೆಯ ಚಿನ್ನ, ಜ್ವರ ಬಂದರೆ ಇನ್ನೂ 100. ಹಣದ ಆಸೆ ತೋರಿಸಿದ್ದು ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ, ಒಪ್ಪುತ್ತೇನೆ. ಆದರೂ ಆ ಕಾಲಕ್ಕೆ, ಅದೂ ಸಮವಸ್ತ್ರದಲ್ಲಿದ್ದವರಿಂದ, ಅದು ದೊಡ್ಡ ಹೆಜ್ಜೆ. ತಂಡದ ಡಾಕ್ಟರ್ ಜೆಸ್ಸಿ ಲೇಜ಼ಿಯರ್ ಸ್ವತಃ ಹಳದಿ ಜ್ವರ ಬಂದು ತೀರಿಕೊಂಡರು.

ರಂಗರಾಜ್ ಅವರ ವಿಷಯಕ್ಕೆ ಬಂದರೆ, ಕಾಬೂಲಿನಲ್ಲಿ ಅವರ ಕೈಯಲ್ಲಿ ಆಜ್ಞೆಯ ಅಧಿಕಾರವೇ ಇರಲಿಲ್ಲ. ಬೇರೆ ದೇಶ, ಸೈನ್ಯವಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರ ಅಷ್ಟೇ. ಅಫ್ಘನ್ ಕಾರ್ಯಕರ್ತರು ಮನಸ್ಸು ಮಾಡದಿದ್ದರೆ ಒಂದು ಡೇರೆಯೊಳಗೂ ಕಾಲಿಡಲು ಆಗುತ್ತಿರಲಿಲ್ಲ. ಹಾಗಾಗಿ ಅವರು ಸೇನೆಯಿಂದ ತಂದದ್ದು ಪೂರೈಕೆ, ಎಣಿಕೆ, ಸ್ಥಳಕ್ಕೇ ಹೋಗಿ ನೋಡುವುದು, ಇಷ್ಟನ್ನೇ. ಅಧಿಕಾರ ಕಳಚಿಟ್ಟ ಮೇಲೂ ಉಳಿಯುವ ಕೌಶಲ ಅದು.

ಬಾವಿಕಟ್ಟೆ:

ಇಬ್ಬರ ಮಾತಲ್ಲೂ ಸತ್ಯ ಇದೆ. ಕೆಲಸ ಮಾಡಿದವನಾಗಿ ಒಂದು ಮಾತು ಸೇರಿಸುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಸಿಡುಬಿನ ಕಾಲದ ಕತೆ ಹೇಳುತ್ತಿದ್ದರು. ಮಾರಮ್ಮ ಬಂದಿದ್ದಾಳೆ, ಚುಚ್ಚಿದರೆ ಸಿಟ್ಟಾಗುತ್ತಾಳೆ ಎಂದು ಬಾಗಿಲು ಹಾಕಿಕೊಳ್ಳುವ ಮನೆಗಳಿದ್ದವಂತೆ. ಪೊಲೀಸರನ್ನು ಕರೆದುಕೊಂಡು ಹೋದ ಊರಲ್ಲಿ ಜನ ಮಕ್ಕಳನ್ನು ಎತ್ತಿಕೊಂಡು ಹೊಲಕ್ಕೆ ಓಡುತ್ತಿದ್ದರಂತೆ. ಇವರು ಮಾಡಿದ್ದು ಬೇರೆ. ಮೊದಲು ಗುಡಿಯ ಪೂಜಾರಿಯ ಮನೆಗೆ ಹೋಗಿ, ಮಜ್ಜಿಗೆ ಕುಡಿದು, ಅವರ ತೋಳಿಗೆ ಮೊದಲು ಲಸಿಕೆ ಹಾಕುತ್ತಿದ್ದರು. ಆಮೇಲೆ ಅವರೇ ಜೊತೆಯಲ್ಲಿ ಬರುತ್ತಿದ್ದರು. ಒಂದು ದಿನ ತಡವಾಗುತ್ತಿತ್ತು, ಊರು ಪೂರ್ತಿ ಆಗುತ್ತಿತ್ತು.

ಪೋಲಿಯೋ ಹನಿ ಹಾಕುವಾಗ ನಾನೂ ಅದನ್ನೇ ಮಾಡಿದೆ. ಬೇಡ ಎಂದ ಮನೆಗೆ ಮತ್ತೆ ಹೋದೆ, ಮತ್ತೆ ಹೋದೆ. ಅಜ್ಜಿಯ ಹತ್ತಿರ ಮಾತಾಡಿದೆ. ಮನೆಯಲ್ಲಿ ಅಜ್ಜಿ ಒಪ್ಪಿದರೆ ಮುಗಿಯಿತು. ಆದರೆ ಯಾವ ಮನೆ ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತಿದ್ದುದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗುರುತಿನಿಂದ, ದಿನಾ ಸಂಜೆ ಕೂಡಿಸುತ್ತಿದ್ದ ಪಟ್ಟಿಯಿಂದ. ಕಾಲುದಾರಿ ಅವರು ಹೇಳುವ ಎಣಿಕೆ ಅದು. ಪಟ್ಟಿ ಇಲ್ಲದೆ ಬರೀ ಪ್ರೀತಿಯಿಂದ ಮಾತಾಡಿದರೆ ದೂರದ ಕೇರಿ ಬಿಟ್ಟೇ ಹೋಗುತ್ತದೆ. ಬಿಟ್ಟು ಹೋಗುವುದು ಯಾವಾಗಲೂ ಬಡವರ ಕೇರಿಯೇ.

ಎದುರುಮಾತು:

ಬಾವಿಕಟ್ಟೆ ಸರ್, ನೀವು ಹೇಳಿದ ಪೂಜಾರಿಯ ಪ್ರಸಂಗವೇ ನಾನು ಹೇಳಬೇಕೆಂದಿದ್ದು. ಎಣಿಕೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಕಾವಲಿಟ್ಟ ವಿಷಯದಲ್ಲಿ ಮಾತ್ರ ನನ್ನ ನಿಲುವು ಹಾಗೇ ಇದೆ.

ಹಳೇ_ಕಡತ:

ಇದೇ ಸಾಲಿನಲ್ಲಿ ಇನ್ನೊಬ್ಬರನ್ನು ಸೇರಿಸಬೇಕು. ಮೇಜರ್ ಜನರಲ್ ಸಾಹಿಬ್ ಸಿಂಗ್ ಸೋಖಿ. ಇಂಡಿಯನ್ ಮೆಡಿಕಲ್ ಸರ್ವಿಸ್ ಅಧಿಕಾರಿ. ಆ ಸರ್ವಿಸ್ ಹೆಸರಿಗೆ ಸೇನೆಯದು, ಆದರೆ ದೇಶದ ಜೈಲು, ಆಸ್ಪತ್ರೆ, ಪ್ರಯೋಗಾಲಯ, ವೈದ್ಯಕೀಯ ಕಾಲೇಜು ಎಲ್ಲೆಲ್ಲೂ ಅದರ ಡಾಕ್ಟರುಗಳೇ. ಬೆಂಗಳೂರು ದಂಡಿನಲ್ಲಿ ಕೆಲಸ ಮಾಡಿ, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡ ರೊನಾಲ್ಡ್ ರಾಸ್ ಕೂಡ ಅದೇ ಸರ್ವಿಸಿನವರು.

ಸೋಖಿ ಅವರು ಮುಂಬೈಯ ಹಾಫ್‌ಕಿನ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಪ್ಲೇಗ್ ಲಸಿಕೆ ಮೇಲೆ ದುಡಿದರು. ಅದಕ್ಕಿಂತ ಮುಖ್ಯ, ಔಷಧಿ ನಮ್ಮಲ್ಲೇ ತಯಾರಾಗಬೇಕು, ಬಡವನ ಕೈಗೆ ಎಟುಕುವ ಬೆಲೆಗೆ ಸಿಗಬೇಕು ಎಂದು ಪಟ್ಟು ಹಿಡಿದರು. ಕಾಂಗ್ರೆಸ್ಸಿನ ರಾಷ್ಟ್ರೀಯ ಯೋಜನಾ ಸಮಿತಿ 1938ರಲ್ಲಿ ರಚನೆಯಾದಾಗ ಆರೋಗ್ಯದ ಉಪಸಮಿತಿಗೆ ಇವರೇ ಅಧ್ಯಕ್ಷರು. ಬ್ರಿಟಿಷ್ ಸರ್ಕಾರದ ಸಮವಸ್ತ್ರದಲ್ಲಿದ್ದುಕೊಂಡು ಕಾಂಗ್ರೆಸ್ಸಿನ ಸಮಿತಿಯಲ್ಲಿ ಕೂತವರು ಎಂಬುದನ್ನು ಗಮನಿಸಿ. ಹಳ್ಳಿಯವರಲ್ಲೇ ಆರಿಸಿ ಆರೋಗ್ಯ ಕಾರ್ಯಕರ್ತರನ್ನು ತಯಾರು ಮಾಡಬೇಕು ಎಂಬ ಸಲಹೆ ಆ ಸಮಿತಿಯದು. ಇವತ್ತಿನ ಆಶಾ ಕಾರ್ಯಕರ್ತೆಯರನ್ನು ನೋಡಿದಾಗ ನನಗೆ ಆ ಸಲಹೆ ನೆನಪಾಗುತ್ತದೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ದೊಡ್ಡ ಹುದ್ದೆ, ರಾಜ್ಯಸಭೆ. ಇವರ ಬಗ್ಗೆ ಬೇರೆಯೇ ಚರ್ಚೆ ಶುರು ಮಾಡುವ ಆಸೆ ಇದೆ.

ಸಮುದಾಯ_ವೈದ್ಯೆ:

ಹಳೇ_ಕಡತ ಸರ್, ದಯವಿಟ್ಟು ಶುರು ಮಾಡಿ. ನಮ್ಮ ಬ್ಯಾಚಿನವರೆಲ್ಲ ಓದುತ್ತೇವೆ.

ತಾಯಿ_ಬೇರು:

ಎಲ್ಲರ ಮಾತನ್ನೂ ಒಂದೇ ಉಸಿರಿಗೆ ಓದಿದೆ. ಮಗಳು ಪಿ.ಯು.ಸಿ. ಸೈನ್ಸ್ ಓದುತ್ತಿದ್ದಾಳೆ, ಸೇನೆಯಲ್ಲಿ ಡಾಕ್ಟರ್ ಆಗಬೇಕು ಅನ್ನುತ್ತಾಳೆ. ಮನೆಯಲ್ಲಿ ಅವರಜ್ಜನಿಗೆ ಭಯ. ಹೆಣ್ಣುಮಕ್ಕಳಿಗೆ ಅಲ್ಲಿ ಮೇಲೆ ಬರಲು ಅವಕಾಶ ಇದೆಯಾ? ಈ ಜನಾರೋಗ್ಯದ ಕೆಲಸ ಈಗಲೂ ಇದೆಯಾ, ಇಲ್ಲಾ ಬರೀ ಆಪರೇಷನ್ನಾ?

ಮಾಜಿ_ಹವಾಲ್ದಾರ್:

ಅಮ್ಮಾ, ಅಜ್ಜನಿಗೆ ಈ ಎರಡು ಹೆಸರು ಹೇಳಿ. ಪುನೀತಾ ಅರೋರಾ ಮೇಡಂ 2004ರಲ್ಲಿ ಲೆಫ್ಟಿನೆಂಟ್ ಜನರಲ್ ಆದರು, ನಮ್ಮ ಸೇನೆಯಲ್ಲಿ ಆ ಪದವಿಗೆ ಏರಿದ ಮೊದಲ ಮಹಿಳೆ. 2024ರಲ್ಲಿ ಸಾಧನಾ ಸಕ್ಸೇನಾ ನಾಯರ್ ಮೇಡಂ ಸೇನೆಯ ಇಡೀ ವೈದ್ಯಕೀಯ ಸೇವೆಯ ಮುಖ್ಯಸ್ಥೆಯಾದರು. ಇಬ್ಬರೂ ಪುಣೆಯ ಎ.ಎಫ್.ಎಂ.ಸಿ.ಯಲ್ಲಿ, ಅಂದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ, ಓದಿದವರು.

ಜನಾರೋಗ್ಯದ ಕೆಲಸ ಖಂಡಿತ ಇದೆ. ದೊಡ್ಡ ಸ್ಟೇಷನ್‌ಗಳಲ್ಲಿ ಸ್ಟೇಷನ್ ಹೆಲ್ತ್ ಆರ್ಗನೈಸೇಷನ್ ಅಂತ ಪ್ರತ್ಯೇಕ ಘಟಕ ಇರುತ್ತೆ. ನೀರು, ಸೊಳ್ಳೆ, ಲಸಿಕೆ, ಅಡುಗೆಮನೆ ತಪಾಸಣೆ, ಜ್ವರ ಹರಡಿದರೆ ಮೂಲ ಹುಡುಕುವುದು ಎಲ್ಲ ಅವರದ್ದೇ. ಅದರ ಮುಖ್ಯಸ್ಥರು ಕಮ್ಯುನಿಟಿ ಮೆಡಿಸಿನ್ ಓದಿದ ಡಾಕ್ಟರ್. ಎತ್ತರದ ಹಿಮದ ಜಾಗ, ಪ್ರವಾಹ, ಭೂಕಂಪ, ವಿಶ್ವಸಂಸ್ಥೆಯ ಶಾಂತಿಪಾಲನೆ, ಎಲ್ಲಾ ಕಡೆ ಹೋಗಬೇಕಾಗುತ್ತೆ. ವರ್ಗಾವಣೆ ಜಾಸ್ತಿ. ಹಬ್ಬಕ್ಕೆ ಮನೆಗೆ ಬರಲು ಆಗದೇ ಇರಬಹುದು. ಇದನ್ನೂ ಮಗಳಿಗೆ ಈಗಲೇ ಹೇಳಿ.

ಸಮುದಾಯ_ವೈದ್ಯೆ:

ಪ್ರವೇಶದ ವಿಷಯ ನಾನು ಹೇಳುತ್ತೇನೆ. ಎ.ಎಫ್.ಎಂ.ಸಿ. 1948ರಲ್ಲಿ ಶುರುವಾಯಿತು, ಎಂ.ಬಿ.ಬಿ.ಎಸ್. 1962ರಿಂದ ಇದೆ. ನೀಟ್ ಅಂಕದ ಮೇಲೆ ಮೊದಲ ಆಯ್ಕೆ, ಆಮೇಲೆ ಅವರದೇ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಓದು ಮುಗಿದ ಮೇಲೆ ಸೇನೆಯಲ್ಲಿ ಸೇವೆ ಮಾಡುವ ಬಾಂಡ್ ಇರುತ್ತದೆ. ಅಲ್ಲಿ ಸೀಟು ಸಿಗದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಬೇರೆ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಂಟರ್ನ್‌ಶಿಪ್ ಆದ ಮೇಲೆ ಶಾರ್ಟ್ ಸರ್ವಿಸ್ ಕಮಿಷನ್‌ಗೆ, ಅಂದರೆ ಸೀಮಿತ ವರ್ಷಗಳ ಸೇನಾ ಸೇವೆಗೆ, ಅರ್ಜಿ ಹಾಕಬಹುದು. ನಿಯಮಗಳು ವರ್ಷ ವರ್ಷ ಸ್ವಲ್ಪ ಬದಲಾಗುತ್ತವೆ, ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿಸಿ. ಮಗಳಿಗೆ ಏನಾದರೂ ಕೇಳಬೇಕಿದ್ದರೆ ಅವಳೇ ಇಲ್ಲಿ ಬರೆಯಲಿ, ನಾನು ಉತ್ತರಿಸುತ್ತೇನೆ.

ತಾಯಿ_ಬೇರು:

ತುಂಬಾ ಉಪಕಾರವಾಯಿತು. ರಾತ್ರಿ ಊಟ ಆದ ಮೇಲೆ ಅಜ್ಜನ ಪಕ್ಕ ಕೂರಿಸಿ ಇದನ್ನೆಲ್ಲ ಮಗಳಿಂದಲೇ ಓದಿಸುತ್ತೇನೆ. ಅವಳ ಪ್ರಶ್ನೆಗಳು ನಾಳೆ ಬರುತ್ತವೆ.